ಮಾರ್ಜರಿಯ ಮದುವೆ ಮತ್ತು ನಮ್ಮ ನೋಟಿಸ್ ಬೋರ್ಡು

ನಾನಿರುವ ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ ಪ್ಯಾಸ್ಟನ್ ಅಂತ ಜಮೀನ್ದಾರಿ ಮನೆತನವಿತ್ತು. ಮನೆಮಗಳು ಮಾರ್ಜರಿ ಅಲ್ಲಿನ ಕಾರುಬಾರು ನೋಡುತ್ತಿದ್ದ ರಿಚರ್ಡ್ ಕ್ಯಾಲ್‌ನನ್ನು ಗುಟ್ಟಾಗಿ ಮದುವೆಯಾಗಿದ್ದು 1469ರಲ್ಲಿ ಬಯಲಾಯಿತು. ತಂಗಿ ಫ್ರಾಮ್ಲಿಂಗ್‌ಹ್ಯಾಮ್‌ನಲ್ಲಿ ಮೇಣದಬತ್ತಿ, ಸಾಸಿವೆ ಮಾರಿಕೊಂಡು ಬದುಕೋದಕ್ಕೆ ನಾನು ಒಪ್ಪಲ್ಲ ಅಂತ ಅಣ್ಣ ಕಾಗದ ಬರೆದ. ನಾರ್ವಿಚ್‌ನ ಬಿಷಪ್ ಮಾರ್ಜರಿ, ರಿಚರ್ಡ್ ಇಬ್ಬರನ್ನೂ ಬೇರೆಬೇರೆ ಕೂರಿಸಿ, ಮದುವೆಯಾಗುವಾಗ ನೀವು ಹೇಳಿಕೊಂಡ ಮಾತು ಯಾವುದು ಅಂತ ವಿಚಾರಿಸಿದ. ಮನೆತನದ ಮರ್ಯಾದೆ ನೆನಪಿಸಿಯೂ ನೋಡಿದ. ಆ ಮಾತು ಸಾಲದಿದ್ದರೆ ಇಲ್ಲಿಂದ ಹೋಗುವ ಮುಂಚೆ ಇನ್ನೂ ಗಟ್ಟಿ ಮಾಡುತ್ತೇನೆ ಅಂದಳು ಹುಡುಗಿ! ತಾಯಿ ಅವಳನ್ನು ಮನೆಗೆ ಸೇರಿಸಲಿಲ್ಲ. ಆದರೆ ಮದುವೆ ಉಳಿಯಿತು.

ಯಾಕಂದರೆ 12ನೇ ಶತಮಾನದಲ್ಲಿ ಪೋಪ್ 3ನೇ ಅಲೆಕ್ಸಾಂಡರ್ ಖಚಿತಪಡಿಸಿದ ನಿಯಮವೇ ಹಾಗಿತ್ತು. ನಿನ್ನನ್ನು ಈಗಲೇ ವರಿಸಿದೆ ಅಂತ ಇಬ್ಬರೂ ಒಪ್ಪಿ ಹೇಳಿಕೊಂಡರೆ ಮುಗಿಯಿತು. ಪಾದ್ರಿ, ಸಾಕ್ಷಿ, ಅಪ್ಪ ಯಾರೂ ಬೇಕಿಲ್ಲ. ಗುಟ್ಟಿನ ಮದುವೆ ತಪ್ಪು, ಮೊದಲೇ ಚರ್ಚಿನಲ್ಲಿ ಸಾರಬೇಕು ಅಂತ 1215ರಲ್ಲಿ ಕಟ್ಟಪ್ಪಣೆ ಬಂದಮೇಲೂ, ಆದ ಮದುವೆ ಮದುವೆಯೇ.

ಚರ್ಚನ್ನು ಹೊಗಳುತ್ತಿಲ್ಲ. ಮದುವೆಗಿಂತ ಬ್ರಹ್ಮಚರ್ಯವೇ ಮೇಲು ಅನ್ನುತ್ತಿದ್ದ ಅದೇ ಚರ್ಚು 1139ರಲ್ಲಿ ಪಾದ್ರಿಗಳ ಮದುವೆ ಮದುವೆಯೇ ಅಲ್ಲ ಅಂತ ಸಾರಿತು. ಅವರ ಹೆಂಡತಿಯರ ಗತಿ ಏನಾಗಿರಬೇಡ? ಸಾಕ್ಷಿಯಿಲ್ಲದ ಮಾತನ್ನು ಗಂಡಸು ಇಲ್ಲ ಅಂದುಬಿಟ್ಟರೆ ಹೆಂಗಸು ಕೋರ್ಟಿನಲ್ಲಿ ಸೋಲುತ್ತಿದ್ದಳು. ಪಾದ್ರಿ, ಸಾಕ್ಷಿ ಕಡ್ಡಾಯ ಅಂತ ಚರ್ಚಿನ ಹಿರಿಯರು ಸೇರಿದ್ದ ಟ್ರೆಂಟ್ ಸಭೆ ಹೇಳಿದ್ದು 1563ರಲ್ಲಿ.

ನಂಟಸ್ತನದ ವಿಷಯದಲ್ಲಂತೂ ನಮಗೂ ಅವರಿಗೂ ಅಜಗಜಾಂತರ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡೋದು ಮಾಮೂಲಿ. ಅಲ್ಲಿ ಏಳು ತಲೆಮಾರಿನವರೆಗೆ ನಿಷೇಧ, 1215ರ ನಂತರ ನಾಲ್ಕು.

ಆದರೆ ಒಪ್ಪಿಗೆ ಯಾರದು ಅನ್ನೋ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಇಷ್ಟ. ನಮ್ಮಲ್ಲಿ ಜಾತಿ ಬಿಟ್ಟು ಮದುವೆಯಾಗುವವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಹಾಕಿದರೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಅವರ ಹೆಸರು, ವಿಳಾಸ ಇರುವ ನೋಟಿಸ್ ಅಂಟಿಸಿ 30 ದಿನ ಕಾಯಿಸುತ್ತಾರೆ. ವಯಸ್ಸು, ಮೊದಲ ಮದುವೆ, ಹತ್ತಿರದ ರಕ್ತಸಂಬಂಧ, ಮನಸ್ಸಿನ ಸ್ವಾಸ್ಥ್ಯ, ಇಂಥ ಕಾರಣಕ್ಕೆ ಮಾತ್ರ ಆಕ್ಷೇಪಣೆ ಹಾಕಬಹುದು. ಅಪ್ಪ ಅಮ್ಮನಿಗೆ ಇಷ್ಟವಿಲ್ಲ ಅನ್ನೋದು ಕಾನೂನಿನಲ್ಲಿ ಕಾರಣವೇ ಅಲ್ಲ. ಆದರೂ ಹುಡುಗಿಯನ್ನು ಹುಡುಕಿ ಎಳೆದುಕೊಂಡು ಹೋಗೋದಕ್ಕೆ ಮನೆಯವರಿಗೆ ಆ ಒಂದು ಹಾಳೆ ಸಾಕು, ಅಲ್ವಾ? ಅಧಿಕಾರಿ ದಾಖಲೆಗಳನ್ನು ತಾನೇ ಪರಿಶೀಲಿಸಲಿ, ಹೆಸರು ವಿಳಾಸ ಗೋಡೆಗೆ ಅಂಟಿಸೋದು ಮೊದಲು ನಿಲ್ಲಲಿ.