ನಷ್ಟ ಬಿತ್ತಿದವರಿಗೆ, ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಹೊಲಗಳು ಮುಳುಗಿದಾಗ, ರಾಜ್ಯ ಸರ್ಕಾರವು ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾರ್ಗಸೂಚಿಯ ಮೊತ್ತಕ್ಕೆ ಹೆಕ್ಟೇರಿಗೆ 8,500 ರೂಪಾಯಿ ಸೇರಿಸಿ ಕೊಡುವುದಾಗಿ ಘೋಷಿಸಿತು. ಹೀಗೆ ಹೆಕ್ಟೇರಿಗೆ ಒಟ್ಟು ಮಳೆಯಾಶ್ರಿತ ಬೆಳೆಗೆ 17,000, ನೀರಾವರಿ ಬೆಳೆಗೆ 25,500, ಬಹುವಾರ್ಷಿಕ ಬೆಳೆಗೆ 31,000 ರೂಪಾಯಿ. ಒಣಬೇಸಾಯದ ರೈತನಿಗೆ ಇದು ಎಕರೆಗೆ ಏಳು ಸಾವಿರಕ್ಕಿಂತ ಕಡಿಮೆಯೇ ಆದರೂ ಆ ತೀರ್ಮಾನ ಸರಿಯಾಗಿತ್ತು. ಮೊತ್ತ ಸಾಲದು ಎಂಬ ಕೂಗು ಪ್ರತಿ ನೆರೆಯ ನಂತರವೂ ಏಳುತ್ತದೆ, ಏಳಲೇಬೇಕು. ಆದರೆ ಆ ಹಣ ಯಾರ ಖಾತೆಗೆ ಜಮೆಯಾಗುತ್ತದೆ ಎಂಬುದನ್ನು ಕೇಳುವವರು ಬಹಳ ಕಡಿಮೆ, ಮತ್ತು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಅದೇ.

ಕ್ರಮ ಹೀಗಿದೆ. ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಜಂಟಿ ಸಮೀಕ್ಷೆ ನಡೆಸುತ್ತವೆ. ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾಗಿದ್ದರೆ ಗರಿಷ್ಠ ಎರಡು ಹೆಕ್ಟೇರ್‌ವರೆಗೆ ಪರಿಹಾರ ಮಂಜೂರಾಗಿ, ಜಮೀನಿನ ಮಾಲೀಕರ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಸೇರುತ್ತದೆ. ಮಧ್ಯವರ್ತಿಗಳನ್ನು ದೂರವಿಡಲು ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ (ಜಮೀನಿನ ದಾಖಲೆ) ಉಳಿದು, ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗದ ಕುಟುಂಬಗಳು ಇಲ್ಲಿಯೇ ಎಡವುತ್ತವೆ. ಇನ್ನು ಲಾವಣಿಗೋ (ಹಣ ಕೊಟ್ಟು ಗೇಣಿಗೆ) ಪಾಲಿಗೋ (ಫಸಲು ಹಂಚಿಕೊಳ್ಳುವ ಕರಾರಿಗೆ) ಹೊಲ ಹಿಡಿದು ದುಡಿಯುವವರಿಗೆ ಈ ವ್ಯವಸ್ಥೆಯೊಳಗೆ ಜಾಗವೇ ಇಲ್ಲ.

ನೀರು ನಿಂತು ಇಳಿದ ತೊಗರಿ ಹೊಲವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ: ದೂರಕ್ಕೆ ಗಿಡ ನಿಂತಂತೆಯೇ ಕಾಣುತ್ತದೆ, ಎಲೆ ಜೋತುಬಿದ್ದಿರುತ್ತದೆ, ಹಿಡಿದು ಕಿತ್ತರೆ ಕೊಳೆತ ಬೇರಿನ ಸಿಪ್ಪೆ ಬೆರಳಿಗೆ ಅಂಟಿಕೊಂಡು ಬರುತ್ತದೆ. ಆ ಹೊಲಕ್ಕೆ ಬೀಜ, ಗೊಬ್ಬರ, ಔಷಧ, ಕಳೆ ತೆಗೆಸಿದ ಕೂಲಿ ಎಲ್ಲವನ್ನೂ ಹಾಕಿದ್ದು ಲಾವಣಿ ಹಿಡಿದಾತ. ಲಾವಣಿಯ ಹಣವನ್ನೂ ಹಲವು ಕಡೆ ಆತ ಬಿತ್ತುವ ಮೊದಲೇ, ಹೆಚ್ಚಿನ ಸಲ ಕೈಸಾಲ ಮಾಡಿ, ಎಣಿಸಿ ಕೊಟ್ಟಿರುತ್ತಾನೆ. ಬೆಳೆ ಹೋದರೂ ಆ ಹಣ ಮರಳುವುದಿಲ್ಲ, ಬಡ್ಡಿಯೂ ನಿಲ್ಲುವುದಿಲ್ಲ. ಪರಿಹಾರದ ಸಂದೇಶ ಮಾತ್ರ ಮಾಲೀಕರ ಮೊಬೈಲಿಗೆ ಬರುತ್ತದೆ. ಅದರಲ್ಲಿ ಅರ್ಧವನ್ನಾದರೂ ಕರೆದು ಕೊಡುವ ಮಾಲೀಕರಿದ್ದಾರೆ, ಅವರ ಮನಸ್ಸು ದೊಡ್ಡದು. ಆದರೆ ಸರ್ಕಾರಿ ನೆರವು ಇನ್ನೊಬ್ಬರ ಔದಾರ್ಯವನ್ನು ಕಾಯುತ್ತ ಕೂರಬೇಕಾದ ವಸ್ತುವಾಗಬಾರದು.

ಈ ಸ್ಥಿತಿಗೆ ಕಾರಣ ಹಳೆಯದು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿ ಲಕ್ಷಾಂತರ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿತು. ಅದು ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸ. ಆದರೆ ಕಾನೂನಿನಲ್ಲಿ ಇಲ್ಲವಾದ ಗೇಣಿ ಊರುಗಳಲ್ಲಿ ಬಾಯಿಮಾತಿನ ಒಪ್ಪಂದವಾಗಿ ಮುಂದುವರಿದಿದೆ. ಪಹಣಿಯ 12ನೇ ಕಲಂನಲ್ಲಿ ಸಾಗುವಳಿದಾರರ ಹೆಸರಿಗೆ ಸ್ಥಳವಿದ್ದರೂ, ಅಲ್ಲಿ ಬೇರೆಯವರ ಹೆಸರು ಬಂದರೆ ಮುಂದೆ ಜಮೀನೇ ಕೈತಪ್ಪೀತೆಂಬ ಭಯ ಮಾಲೀಕರಿಗೆ. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯ ನಿಯಮಗಳಲ್ಲಿ ಗೇಣಿದಾರರಿಗೂ ಪಾಲುದಾರರಿಗೂ ಅರ್ಹತೆಯಿದೆ, ಆದರೆ ಸಾಗುವಳಿ ತಮ್ಮದೆಂದು ತೋರಿಸಲು ಕಾಗದವೆಲ್ಲಿದೆ? ನೆರೆಯ ನಂತರ ಬೆಳೆಸಾಲದ ಮರುಪಾವತಿಗೆ ಬ್ಯಾಂಕುಗಳು ನೀಡುವ ಕಾಲಾವಕಾಶವೂ ಬ್ಯಾಂಕಿನಲ್ಲಿ ಸಾಲ ಸಿಕ್ಕವರಿಗೆ ಮಾತ್ರ, ಕೈಸಾಲಕ್ಕೆ ಅಂಥ ರಿಯಾಯಿತಿಯಿಲ್ಲ.

ಇದನ್ನು ಸರಿಪಡಿಸಲು ಹೊಸ ಇಲಾಖೆ ಬೇಕಿಲ್ಲ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆ ಎಂಬುದನ್ನು ಮೊಬೈಲ್ ಆ್ಯಪ್ ಮೂಲಕ ಛಾಯಾಚಿತ್ರ ಸಹಿತ ದಾಖಲಿಸುವ ಬೆಳೆ ಸಮೀಕ್ಷೆ ನಮ್ಮಲ್ಲಿ ಹಂಗಾಮಿಗೊಮ್ಮೆ ನಡೆಯುತ್ತಲೇ ಇದೆ. ಆ ಬೆಳೆಯನ್ನು ಬಿತ್ತಿದವರು ಯಾರು ಎಂಬುದನ್ನೂ ಅದರಲ್ಲೇ ಬರೆದುಕೊಳ್ಳಬಹುದು. ಆ ದಾಖಲೆ ಒಂದು ಹಂಗಾಮಿಗೆ ಮಾತ್ರ, ಪರಿಹಾರ ಮತ್ತು ವಿಮೆಗಷ್ಟೇ ಸೀಮಿತ, ಅದರಿಂದ ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಕಾಯ್ದೆಯಲ್ಲೇ ಸ್ಪಷ್ಟವಾಗಿ ಹೇಳಬೇಕು. ಮಾಲೀಕರ ಭಯ ಸುಳ್ಳಲ್ಲ, ಅದಕ್ಕೆ ಕಾನೂನಿನ ಭರವಸೆಯೇ ಉತ್ತರವಾಗಬೇಕು.

ನೆರೆಯ ಆಂಧ್ರಪ್ರದೇಶ 2019ರಲ್ಲಿಯೇ ಇಂಥದೊಂದು ಕಾಯ್ದೆ ತಂದು, ಹನ್ನೊಂದು ತಿಂಗಳ ಅವಧಿಯ ಸಾಗುವಳಿದಾರರ ಕಾರ್ಡ್ ಕೊಡಲು ಆರಂಭಿಸಿತು. ಆದರೆ ಕಾರ್ಡಿಗೆ ಮಾಲೀಕರ ಸಹಿ ಬೇಕೆಂಬ ಷರತ್ತು ಅಲ್ಲಿ ದೊಡ್ಡ ಅಡ್ಡಿಯಾಯಿತು. ಸಹಿ ಹಾಕಲು ಮಾಲೀಕರು ಹಿಂಜರಿದಾಗ ಕಾರ್ಡೂ ಸಿಗಲಿಲ್ಲ, ಅದರ ಮೂಲಕ ಬರಬೇಕಿದ್ದ ನೆರವೂ ಸಿಗಲಿಲ್ಲ. ಆದ್ದರಿಂದ ನಮ್ಮಲ್ಲಿ ಮಾಡುವುದಾದರೆ ಸಹಿಯ ಷರತ್ತನ್ನು ಬಿಟ್ಟೇ ಮಾಡಬೇಕು. ಯಾರ ಹೊಲವನ್ನು ಯಾರು ಮಾಡುತ್ತಿದ್ದಾರೆಂಬುದು ಅಕ್ಕಪಕ್ಕದ ಹೊಲದವರಿಗೆ ತಿಳಿಯದ ಸಂಗತಿಯಲ್ಲ. ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಆ ನೆರೆಹೊರೆಯವರ ಎದುರು ಮಹಜರು ಬರೆದರೆ ಅಷ್ಟು ಪುರಾವೆ ಸಾಕು, ಮತ್ತು ಆ ಕೆಲಸ ನೆರೆ ಬಂದ ಮೇಲಲ್ಲ, ಮುಂಗಾರು ಬಿತ್ತನೆ ಮುಗಿದ ಕೂಡಲೇ ಆಗಬೇಕು.