ತಡ ಮಾಡಿದವರು ನಾವಲ್ಲ

"ಯಾಕಮ್ಮಾ ಇಷ್ಟು ತಡ ಮಾಡಿಕೊಂಡು ಬಂದಿರಿ?" ಎಂಬ ಪ್ರಶ್ನೆಯನ್ನು ಕಳೆದ ವರ್ಷ ನನ್ನ ಚಿಕ್ಕಮ್ಮನಿಗೆ ಐದು ಕಡೆ, ಐದು ಮಂದಿ ಕೇಳಿದ್ದಾರೆ. ಐದು ಸಲವೂ ಆಕೆ ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮರುಮಾತಾಡಿದರೆ ಸರದಿ ತಪ್ಪೀತೆಂಬ ಹೆದರಿಕೆಯಿಂದ ಆಗ ನುಂಗಿಕೊಂಡ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಚಿಕ್ಕಮ್ಮ ಇರುವುದು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ, ಡಿಸೆಂಬರಿನಲ್ಲಿ ಹಣ್ಣು ಕೊಯ್ಯುವ ಹೊತ್ತಿಗೆ, ಮತ್ತೆ ರಕ್ತ ಕಾಣಿಸಿಕೊಂಡಿತು. ಕೊಯ್ಲು ಮುಗಿಯಲಿ ಎಂದುಕೊಂಡು ಆಕೆ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಆ ಎರಡು ತಿಂಗಳನ್ನು ಆಕೆಯ ಲೆಕ್ಕಕ್ಕೆ ಬರೆದುಕೊಳ್ಳಿ, ನಾನು ತಕರಾರು ಮಾಡುವುದಿಲ್ಲ. ಅಲ್ಲಿಂದ ಮುಂದಿನ ಒಂದೊಂದು ದಿನಕ್ಕೂ ನನ್ನಲ್ಲಿ ಲೆಕ್ಕವಿದೆ.

ಫೆಬ್ರವರಿಯಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದಾಗ ಬಿಳಿಸೆರಗು ಎಂದು ಹೇಳಿ ಮಾತ್ರೆ ಕೊಟ್ಟರು. ಮೂರು ಸಲ ಹೋದರೂ ಮೂರು ಸಲವೂ ಮಾತ್ರೆಯೇ. ಯಾರೂ ಒಳಗೆ ಪರೀಕ್ಷಿಸಿ ನೋಡಲಿಲ್ಲ. ಗರ್ಭಕೋಶದ ಬಾಯಿಗೆ (ಇದನ್ನೇ ಗರ್ಭಕಂಠ ಎನ್ನುತ್ತಾರೆ) ತೆಳುವಾದ ಅಸಿಟಿಕ್ ಆಮ್ಲವನ್ನು, ಎಂದರೆ ವಿನೆಗರಿನಲ್ಲಿರುವ ಅದೇ ಆಮ್ಲವನ್ನು, ಸವರಿ ಒಂದು ನಿಮಿಷ ಕಾದು ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆಗೆ ದೊಡ್ಡ ಡಾಕ್ಟರೂ ಬೇಡ, ಲ್ಯಾಬೂ ಬೇಡ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಇದೇ ಪರೀಕ್ಷೆಯನ್ನು ಮಾಡಿಸಿ, ಗರ್ಭಕಂಠದ ಕ್ಯಾನ್ಸರಿನಿಂದಾಗುವ ಸಾವುಗಳು ಶೇ. 31ರಷ್ಟು ಕಡಿಮೆಯಾದದ್ದನ್ನು 2014ರಲ್ಲಿ ಪ್ರಕಟಿಸಿದ್ದಾರೆ. ಚಿಕ್ಕಮ್ಮನ ಆಯುಷ್ಯದಲ್ಲಿ ಒಮ್ಮೆಯೂ ಯಾರೂ ಆಕೆಗೆ ಅದನ್ನು ಮಾಡಲಿಲ್ಲ. ಏಪ್ರಿಲ್‌ನಲ್ಲಿ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿ ಬಯಾಪ್ಸಿ, ಬಯಾಪ್ಸಿಯ ವರದಿಗೆ 19 ದಿನ. ಗಡ್ಡೆ ಗರ್ಭಕಂಠವನ್ನು ದಾಟಿ ಪಕ್ಕದ ಭಾಗಕ್ಕೂ ಹಬ್ಬಿದೆ, ಆಪರೇಷನ್ನಿಗೆ ಬರುವಂಥದ್ದಲ್ಲ, ಕರೆಂಟ್ ಕೊಡಿಸಬೇಕು, ಬೆಂಗಳೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಕರೆಂಟ್ ಕೊಡುವುದು ಎನ್ನುತ್ತಾರೆ. ಮೈಗೆ ವಿದ್ಯುತ್ ಹರಿಸುತ್ತಾರೆಂದೇ ಚಿಕ್ಕಮ್ಮ ನಂಬಿದ್ದಳು. ಹಾಗಲ್ಲ ಎಂದು ತಿಳಿಸಿಹೇಳುವ ಪುರಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ ಅದನ್ನು ನಾನೇ ಓದಿ ತಿಳಿದುಕೊಂಡು ಹೇಳಬೇಕಾಯಿತು. ಈ ಹಂತದ ಗರ್ಭಕಂಠದ ಕ್ಯಾನ್ಸರಿಗೆ ಸೋಮವಾರದಿಂದ ಶುಕ್ರವಾರದವರೆಗೆ, ಐದು ವಾರ, ಒಟ್ಟು ಸುಮಾರು 25 ದಿನ ಹೊರಗಿನಿಂದ ಕಿರಣ ಕೊಡುತ್ತಾರೆ; ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ; ಆಮೇಲೆ ಗರ್ಭಕೋಶದ ಒಳಗೇ ನಳಿಕೆ ಇಟ್ಟು ಇರಿಡಿಯಂ ಎಂಬ ವಿಕಿರಣ ಸೂಸುವ ಲೋಹದಿಂದ ಒಳಗಿನ ಕರೆಂಟ್, ಅದು ಮೂರು ನಾಲ್ಕು ಸಲ. ಈ ಒಳಗಿನ ಚಿಕಿತ್ಸೆಯನ್ನು ಬಿಟ್ಟರೆ ಹೊರಗಿನದು ಎಷ್ಟು ಕೊಟ್ಟರೂ ಸಾಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ಮೊದಲ ದಿನದಿಂದ ಕೊನೆಯ ದಿನದವರೆಗೆ ಎಲ್ಲವೂ 8 ವಾರಗಳೊಳಗೆ, ಅಂದರೆ 56 ದಿನಗಳಲ್ಲಿ, ಮುಗಿಯಬೇಕು. ಅದನ್ನು ಮೀರಿದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಶೇಕಡಾ ಅರ್ಧದಿಂದ ಒಂದರವರೆಗೆ ಕುಗ್ಗುತ್ತದೆಂದು ವೈದ್ಯರ ಅಧ್ಯಯನಗಳೇ ಹೇಳುತ್ತವೆ.

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ನಮಗೆ ಮೊದಲ ಕರೆಂಟಿನ ದಿನ ಸಿಕ್ಕಿದ್ದು ಹೆಸರು ನೋಂದಾಯಿಸಿದ 41 ದಿನಗಳ ನಂತರ. ಆ 41 ದಿನವೂ ರಕ್ತ ಹೋಗುತ್ತಲೇ ಇತ್ತು. ಹಿಮೋಗ್ಲೋಬಿನ್ ಏಳಕ್ಕೆ ಇಳಿದು ಎರಡು ಬಾಟಲಿ ರಕ್ತ ಹಾಕಿಸಬೇಕಾಯಿತು. ಕಾಯುತ್ತಿರುವಾಗ ಗಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಕೆಟ್ಟರೆ ಆ ಕೀಮೋ ಔಷಧವನ್ನೂ ಕೊಡಲಾಗುವುದಿಲ್ಲವೆಂದು ಗೊತ್ತಾದ ಮೇಲಂತೂ ಪ್ರತಿ ರಕ್ತಪರೀಕ್ಷೆಯ ದಿನವೂ ನನ್ನ ಕೈ ನಡುಗುತ್ತಿತ್ತು.

ಚಿಕಿತ್ಸೆ ಉಚಿತ ಎನ್ನುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಅದು ಸಿಕ್ಕಿತು, ಅದಕ್ಕೆ ನಾನು ಋಣಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಚಿಕ್ಕಮ್ಮನಿಗೆ ಬಸ್ಸೂ ಉಚಿತವೇ. ಆದರೆ ದಿನಕ್ಕೆ ಹತ್ತು ನಿಮಿಷದ ಚಿಕಿತ್ಸೆಗೆ ಮೂಡಿಗೆರೆಯಿಂದ ಸುಮಾರು 240 ಕಿ.ಮೀ. ದೂರದ ಊರಿಗೆ ದಿನವೂ ಹೋಗಿಬರಲು ಯಾರಿಂದ ಸಾಧ್ಯ? ಧರ್ಮಶಾಲೆಯಲ್ಲಿ ಜಾಗವಿರಲಿಲ್ಲ. ದಿನಕ್ಕೆ 400 ರೂಪಾಯಿಯ ಕೋಣೆ, ಇಬ್ಬರ ಊಟ, ಚಿಕ್ಕಪ್ಪನ ಬಸ್ ಚಾರ್ಜು, ಇಬ್ಬರದೂ ನಿಂತುಹೋದ ಕೂಲಿ. ಹಸುವನ್ನು ಮಾರಿದರು. ನಾನು ಹಾಸನದಲ್ಲಿ ಕೆಲಸಕ್ಕಿರುವವಳು. ರಜೆ ಮುಗಿದ ಮೇಲೆ ಸಂಬಳ ಕಡಿತದ ಮೇಲೆ ಹೋಗುತ್ತಿದ್ದೆ. "ನೀನು ಕೆಲಸಕ್ಕೆ ಹೋಗು ಮಗಾ, ನಾನು ಕೂತಿರ್ತೀನಿ" ಎಂದು ಆಕೆ ಪ್ರತಿ ಸಲ ಹೇಳುತ್ತಿದ್ದಳು.

ಆ ಕೂರುವುದು ಹೇಗಿತ್ತೆಂದು ಹೇಳಲೇಬೇಕು. ಹೊಟ್ಟೆಯ ಕೆಳಭಾಗಕ್ಕೆ ಕಿರಣ ಕೊಡುವಾಗ ಮೂತ್ರಕೋಶ ತುಂಬಿರಬೇಕು, ಆಗ ಕರುಳು ಮೇಲಕ್ಕೆ ಸರಿದು ಸುಡುವುದರಿಂದ ಉಳಿಯುತ್ತದೆ. ಅದಕ್ಕಾಗಿ ಸರದಿಗೆ ಮುಂಚೆ ಅರ್ಧ ಲೀಟರ್ ನೀರು ಕುಡಿದು ತಡೆದುಕೊಂಡು ಕೂರಬೇಕು. ಚಿಕ್ಕಮ್ಮ ತನ್ನ ಸ್ಟೀಲ್ ಚೊಂಬಿನಲ್ಲಿ ಅಳೆದು ಕುಡಿದು, ಮೊಣಕಾಲು ಜೋಡಿಸಿ, ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು. ಸೊಂಟದ ಎರಡು ಬದಿಯಲ್ಲೂ ಮಾರ್ಕರಿನಲ್ಲಿ ಗುರುತಿನ ಗೆರೆ. ಅದು ಅಳಿಸಬಾರದೆಂದು ಅಲ್ಲಿ ನೀರು ಸೋಕಿಸುವಂತಿಲ್ಲ. ಲಂಗದ ಲಾಡಿ ಸರಿಯಾಗಿ ಅದೇ ಜಾಗದಲ್ಲಿ ಉಜ್ಜಿ ಚರ್ಮ ಕಪ್ಪಾಗಿ ಸುಲಿದಿತ್ತು. ಮೂರನೆಯ ವಾರದ ಒಂದು ದಿನ, ಮುಂದಿನ ಹೆಸರು ಆಕೆಯದೇ ಎನ್ನುವಾಗ, ಒಳಗಿನಿಂದ ಒಬ್ಬರು ಬಂದು ಮೆಷಿನ್ ನಿಂತಿದೆ, ಎಲ್ಲರೂ ಕಾಯಿರಿ ಎಂದರು. ಒಂದೂವರೆ ಗಂಟೆ ಕಾದ ಮೇಲೆ ತಡೆಯಲಾಗಲಿಲ್ಲ. ಮೂವತ್ತು ಜನರ ನಡುವೆ ಸೀರೆ ಒದ್ದೆಯಾದಾಗ ಆಕೆ ಅಳಲಿಲ್ಲ. ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಅಂದು ನಾನು ಇದ್ದೆ. ಆ ಮುಖವನ್ನು ಮರೆಯಲು ನನ್ನಿಂದ ಆಗಿಲ್ಲ.

ಆ ಮೆಷಿನ್ ಮತ್ತೆ ಶುರುವಾದದ್ದು 9 ಕೆಲಸದ ದಿನಗಳ ನಂತರ. ಬಿಡಿಭಾಗ ಬರಬೇಕು ಎಂದರು. ಇಂದೋ ನಾಳೆಯೋ ಆಗಬಹುದೆಂದು ಒಂಬತ್ತು ದಿನವೂ ಆಕೆ ಹೋಗಿ ಕೂತು ಎದ್ದುಬಂದಳು. ಶನಿವಾರ ಭಾನುವಾರಕ್ಕೆಂದು ಎರಡು ಸಲ ಊರಿಗೆ ಕರೆತಂದೆವು, ಮೂರನೆಯ ಸಲ ಸಾಧ್ಯವಾಗಲಿಲ್ಲ. ಕರೆಂಟಿನಿಂದ ಭೇದಿ ಹತ್ತಿದ ಹೆಂಗಸು ನೆಲಮಂಗಲ ದಾಟಿದರೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಬರುವವರೆಗೆ ಏನು ಮಾಡಬೇಕು? ಹೊರಗಿನದು ಮುಗಿದ ಮೇಲೆ ಒಳಗಿನ ಕರೆಂಟಿಗೆ ಇನ್ನೂ 12 ದಿನ ಕಾಯಿಸಿದರು, ಸೋರ್ಸ್ ಬದಲಾಯಿಸಬೇಕಾಗಿದೆ ಎಂದು. ಇರಿಡಿಯಂನ ಶಕ್ತಿ ಸುಮಾರು 74 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದನ್ನು ತರಿಸಲೇಬೇಕು. ಇದು ಭೂಕಂಪದಂತೆ ಹೇಳದೆ ಬರುವ ಸಂಗತಿಯಲ್ಲ, ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಡಬಹುದಾದ ದಿನ. ಅದನ್ನು ಸಮಯಕ್ಕೆ ತರಿಸಿಡುವ ಕೆಲಸ ಯಾರದೋ ಮೇಜಿನ ಮೇಲೆ ಬಿದ್ದಿರುವಾಗ ನನ್ನ ಚಿಕ್ಕಮ್ಮನ 56 ದಿನ ಕರಗಿಹೋಯಿತು. ಕೊನೆಯ ಚಿಕಿತ್ಸೆ ಮುಗಿದದ್ದು 72ನೆಯ ದಿನ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲವೆಂದು ನನಗೆ ಗೊತ್ತು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿದೆ, ಸುಮಾರು 80 ಸಾವಿರ ಮಂದಿ ಸತ್ತಿದ್ದಾರೆ. ಜಗತ್ತಿನಲ್ಲಿ ಈ ರೋಗದಿಂದ ಸತ್ತ ಸುಮಾರು 3.5 ಲಕ್ಷ ಹೆಂಗಸರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಆಫ್ರಿಕಾದ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಒಂದೂ ಕರೆಂಟ್ ಯಂತ್ರವಿಲ್ಲವೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2022ರಲ್ಲಿ ತನ್ನ ನೆರವಿನ ಯೋಜನೆಯನ್ನು ಆರಂಭಿಸುವಾಗ ಹೇಳಿತ್ತು. ನಮ್ಮ ದೇಶ ಆ ಸ್ಥಿತಿಯಲ್ಲಿಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಭಾಭಾಟ್ರಾನ್ ಎಂಬ, ಕೋಬಾಲ್ಟಿನಿಂದ ಕರೆಂಟ್ ಕೊಡುವ ಯಂತ್ರವನ್ನು ಇಲ್ಲಿಯೇ ರೂಪಿಸಿದ್ದಾರೆ, ವಿಯೆಟ್ನಾಂಗೆ ಒಂದನ್ನು ದಾನವಾಗಿಯೂ ಕೊಟ್ಟಿದ್ದೇವೆ. ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ ಬೇಕು, ವಿಕಿರಣ ಭೌತತಜ್ಞರು ಬೇಕು, ಪರವಾನಗಿ ಬೇಕು, ಅವೆಲ್ಲ ನಿಜ. ಆದರೆ ಹತ್ತು ಲಕ್ಷ ಜನರಿಗೆ ಕನಿಷ್ಠ ಒಂದು ಯಂತ್ರ ಎಂಬ ಹಳೆಯ ಲೆಕ್ಕ ಹಿಡಿದರೂ, 2011ರ ಜನಗಣತಿಯಂತೆ 17.8 ಲಕ್ಷ ಜನರಿರುವ ಹಾಸನ ಮತ್ತು 11.4 ಲಕ್ಷ ಜನರಿರುವ ಚಿಕ್ಕಮಗಳೂರು ಸೇರಿ ಸುಮಾರು ಮೂರು ಬೇಕು. ಚಿಕ್ಕಮ್ಮನ ಕೈಗೆ ಸಿಕ್ಕಿದ್ದು ಬೆಂಗಳೂರಿನ ಚೀಟಿ.

ಪಕ್ಕದ ಹಾಸಿಗೆಯಲ್ಲಿ ಅರಸೀಕೆರೆ ಕಡೆಯ ಹೆಂಗಸೊಬ್ಬರು ಸ್ತನ ಕ್ಯಾನ್ಸರಿಗೆಂದು ಬಂದಿದ್ದರು. ಅವರಿಗೆ ಐದು ವಾರದ ಬದಲು ಮೂರು ವಾರದಲ್ಲಿ 15 ಸಲ ಕೊಟ್ಟು ಮುಗಿಸಿದರು. ಬ್ರಿಟನ್ನಿನಲ್ಲಿ ಒಂದೇ ವಾರದಲ್ಲಿ 5 ಸಲ ಕೊಟ್ಟರೂ ಅಷ್ಟೇ ಫಲವಿದೆಯೆಂದು 2020ರಲ್ಲಿ ಪ್ರಕಟಿಸಿದ್ದಾರೆ. ದಿನಗಳನ್ನು ಕಡಿಮೆ ಮಾಡುವುದೆಂದರೆ ಹಸುವನ್ನು ಉಳಿಸುವುದು ಎಂದು ನನಗೆ ಅರ್ಥವಾದದ್ದು ಆ ಹೆಂಗಸು ಮನೆಗೆ ಹೊರಟ ದಿನ.

ಈಗ ನನ್ನ ಸಿಟ್ಟಿನ ಕಾರಣವನ್ನು ಹೇಳುತ್ತೇನೆ. ಬಿಡುಗಡೆಯ ದಿನ ಕೊಟ್ಟ ಕಡತದಲ್ಲಿ, ಚಿಕಿತ್ಸೆ ನಿಗದಿತ ಅವಧಿಯನ್ನು ಮೀರಿದ್ದಕ್ಕೆ ಕಾರಣವೆಂದು ರೋಗಿಯ ಗೈರುಹಾಜರಿ ಎಂದು ಬರೆದಿದ್ದಾರೆ. ಚಿಕ್ಕಮ್ಮನಿಗೆ ಓದಲು ಬಾರದು. ನಾನು ಓದಿದೆ. ಆಕೆಯ ಹಾಜರಿ ಕಾರ್ಡ್ ನನ್ನ ಬಳಿ ಇದೆ. ಅದರಲ್ಲಿ ಕರೆಂಟ್ ಕೊಟ್ಟ ದಿನಕ್ಕೆ ಸಹಿ ಹಾಕುವ ಚೌಕಗಳಿವೆ, ರೋಗಿ ಬಂದು ಕೂತು ಮೆಷಿನ್ ನಡೆಯದ ದಿನವನ್ನು ಬರೆಯಲು ಒಂದು ಚೌಕವೂ ಇಲ್ಲ. ಹಾಗಾಗಿ ಆ ಒಂಬತ್ತು ದಿನ ಖಾಲಿ ಕಾಣುತ್ತವೆ, ಆಕೆ ಬರಲೇ ಇಲ್ಲವೇನೋ ಎಂಬಂತೆ. ತಿದ್ದಿಕೊಡಿ ಎಂದು ಕೇಳಿದೆ. ಅದರಿಂದ ನಿಮಗೇನಾಗಬೇಕು, ಚಿಕಿತ್ಸೆ ಆಯಿತಲ್ಲ ಎಂದರು.

ಕೋಣೆಯ ಬಾಡಿಗೆಯ ರಸೀದಿಗಳಲ್ಲಿ ಆ ಒಂಬತ್ತು ದಿನಗಳ ತಾರೀಖೂ ಇವೆ. ಮೂರು ತಿಂಗಳ ಮರುತಪಾಸಣೆಗೆ ಬರುವ ಮಂಗಳವಾರ ಹೋಗಬೇಕು. ಚಿಕ್ಕಮ್ಮ ಹಿಂದಿನ ದಿನವೇ ಹಾಸನಕ್ಕೆ ಬರುತ್ತಾಳೆ, ಬೆಳಿಗ್ಗೆ ನಾಲ್ಕೂವರೆಯ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಕಡತ, ಕಾರ್ಡ್, ರಸೀದಿ ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ.