18 ವರ್ಷದ ಬಾಟಲಿ, ಐಸ್ ಮತ್ತು ಕೋಲಾ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಳ್ಳಾರಿಯಲ್ಲೇ, ಗೆಳೆಯನ ಮನೆ ಮಹಡಿ ಮೇಲೆ ಎಲ್ಲರೂ ಸೇರಿದ್ದೆವು. ಯಾರೋ 18 ವರ್ಷದ ಸಿಂಗಲ್ ಮಾಲ್ಟ್ ವಿಸ್ಕಿ, ಅಂದರೆ ಒಂದೇ ಭಟ್ಟಿಯಲ್ಲಿ ಬರೀ ಬಾರ್ಲಿ ಮೊಳಕೆಯಿಂದ ಇಳಿಸಿದ್ದು, ತಂದಿದ್ದರು. ಸ್ಕಾಟ್ಲೆಂಡಿನ ಸ್ಪೇಸೈಡ್ ಕಡೆಯದು, ಶೆರಿ ಅನ್ನುವ ವೈನಿನ ಪೀಪಾಯಿಯಲ್ಲಿ ಮಾಗಿದ್ದು. ಮುಚ್ಚಳ ತೆಗೆಯುವ ಮೊದಲೇ ಎಲ್ಲರದೂ ಒಂದೇ ಪ್ರಶ್ನೆ: ಎಷ್ಟು ಬಿತ್ತು? ರೇಟು ಕೇಳಿದ್ದೇ ತಡ, "ಸೂಪರ್ ಮಾಲು ಬಿಡಪ್ಪ" ಅಂದರು. ಒಬ್ಬರೂ ಮೂಸಿ ಕೂಡ ನೋಡಿರಲಿಲ್ಲ! ಆಮೇಲೆ ಲೋಟದ ತುಂಬ ಐಸ್, ಅದರ ಮೇಲೆ ಕೋಲಾ. ಹೊಟ್ಟೆ ಉರಿದು ಹೋಯಿತು.

ನನ್ನ ವಿಸ್ಕಿ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ. ನನ್ನ ಪಾಲು ಹಾಕಿಸಿಕೊಂಡು ಮೂಲೆಗೆ ಹೋಗಿ ಕೂತೆ. ಮೊದಲು ಬರೀ ಸ್ಪಿರಿಟ್ ಮೂಗಿಗೆ ಹೊಡೆಯಿತು. ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ನಿಧಾನಕ್ಕೆ ತುಪ್ಪದಲ್ಲಿ ಹುರಿದ ಒಣದ್ರಾಕ್ಷಿ ಬಂತು, ಕಿತ್ತಳೆ ಸಿಪ್ಪೆ ಬಂತು. ನಾಲ್ಕು ಹನಿ ನೀರು ಬಿಟ್ಟೆ, ಲವಂಗದ ಘಾಟು ಮೇಲೆದ್ದಿತು. ನುಂಗಿ ಎಷ್ಟೋ ಹೊತ್ತಾದರೂ ರುಚಿ ಬಾಯಿ ಬಿಟ್ಟು ಹೋಗಲಿಲ್ಲ. ಎದುರಿಗೆ ಬಿಸಿ ಮಿರ್ಚಿ ಇತ್ತು, ಮುಟ್ಟಲು ಮನಸ್ಸಾಗಲಿಲ್ಲ. ನಾನು ಬೆಲೆ ಕಟ್ಟುವುದು ಇದಕ್ಕೆ. ಬಿಲ್ಲಿನಲ್ಲಿ ಇರುವುದರಲ್ಲಿ ಎಷ್ಟೋ ಪಾಲು ಸುಂಕ ಸ್ವಾಮಿ. ಹೊರದೇಶದ ವಿಸ್ಕಿಗೆ ನಮ್ಮಲ್ಲಿ ವರ್ಷಗಟ್ಟಲೆ ಶೇಕಡಾ 150 ಆಮದು ಸುಂಕ ಇತ್ತು.

ಇಷ್ಟರಲ್ಲಿ ಹಿರಿಯರೊಬ್ಬರು, "ನನ್ನ ಹತ್ರ 12 ವರ್ಷದ್ದು ಐತಿ ತಮ್ಮಾ, ಶೋಕೇಸ್‌ನಾಗ ಇಟ್ಟು ಹತ್ತು ವರ್ಷ ಆತು. ಈಗ 22 ಆಗಿರ್ತದ" ಅಂದರು. ಇಲ್ಲ ಅಣ್ಣಾ, ಆಗಿರುವುದಿಲ್ಲ. ವಿಸ್ಕಿ ಮಾಗುವುದು ಓಕ್ ಮರದ ಪೀಪಾಯಿಯಲ್ಲಿ. ಗಾಜಿಗೆ ಇಳಿದ ದಿನವೇ ಅದರ ವಯಸ್ಸು ನಿಂತಿತು. ನಮ್ಮೂರ ಬೇಸಿಗೆಗೆ ಬಿರಡೆ ಒಣಗಿ ಒಳಗಿದ್ದದ್ದು ಹಾಳಾಗುವುದೇ ಜಾಸ್ತಿ. ದಯವಿಟ್ಟು ತೆಗೆದು ಕುಡಿಯಿರಿ.

ನನಗೆ ನಿಜಕ್ಕೂ ನೋವಾಗಿದ್ದು ಆಮೇಲೆ. ನಾನು ಒಯ್ದಿದ್ದ ಅಮೃತ್ ಫ್ಯೂಷನ್, ಬೆಂಗಳೂರಿನ ಸಿಂಗಲ್ ಮಾಲ್ಟ್, ಅದರ ಬಾಟಲಿಯನ್ನು ಒಬ್ಬ ತಿರುಗಿಸಿ ನೋಡಿ, "ವಯಸ್ಸೇ ಬರೆದಿಲ್ಲ, ಲೋಕಲ್ಲು" ಅಂತ ಪಕ್ಕಕ್ಕೆ ಸರಿಸಿದ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ ಶೇಕಡಾ 10ಕ್ಕೂ ಜಾಸ್ತಿ. ಲೆಕ್ಕ ಹಾಕಿ ನೋಡಿ. ಅಲ್ಲಿ 18 ವರ್ಷ ಇಟ್ಟರೂ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಇಲ್ಲಿ ಅಷ್ಟು ವರ್ಷ ಇಟ್ಟರೆ ತಳದಲ್ಲಿ ಏನು ಉಳಿದೀತು? ಸೆಕೆಗೆ ಇಲ್ಲಿ ಬೇಗ ಮಾಗುತ್ತದೆ, ಬೇಗ ಇಳಿಸಲೇಬೇಕು. ತಡವಾದರೆ ಮರದ ಕಹಿಯೂ ಹತ್ತುತ್ತದೆ. 2004ರಲ್ಲಿ ಸ್ಕಾಟರ ಊರು ಗ್ಲಾಸ್ಗೋಗೇ ಹೋಗಿ ತನ್ನ ಮಾಲ್ಟ್ ಮಾರಾಟಕ್ಕಿಳಿಸಿದ ಅಮೃತ್ ಕಂಪನಿಯದು ಇದು. ನಮ್ಮ ರಾಜ್ಯದ್ದು! ಸಂಖ್ಯೆ ಇಲ್ಲ ಅಂತ ಅದನ್ನು ಮೂಸಿಯೂ ನೋಡದೆ ತಳ್ಳುವುದಾ?

"ದುಡ್ಡು ಅವರದು, ಹೇಗೆ ಕುಡಿದರೆ ನಿನಗೇನು" ಅನ್ನುತ್ತೀರಿ, ಗೊತ್ತು. ಕೋಲಾ ಹಾಕಿಕೊಳ್ಳಲಿ, ಯಾರು ಬೇಡ ಅಂದರು? ಹಾಗೆ ಕುಡಿದು "ಇದೇ ಬೆಸ್ಟು, ಅದು ವೇಸ್ಟು" ಅಂತ ತೀರ್ಪು ಕೊಡಬಾರದು ಅಷ್ಟೇ. ಐಸಿನ ತಂಪಿಗೆ ಮೂಗಿಗೆ ಏನೂ ಸಿಗುವುದಿಲ್ಲ, ಕೋಲಾದ ಸಿಹಿಗೆ ನಾಲಿಗೆಗೂ ಸಿಗುವುದಿಲ್ಲ. ಆಮೇಲೆ ತೀರ್ಪು ಕೊಟ್ಟಿದ್ದು ರೇಟಿಗೆ ಅಲ್ವಾ?

ನಿನ್ನೆ ಇದ್ದವರೆಲ್ಲ ಇದನ್ನು ಓದುತ್ತೀರಿ. ಮುಂದಿನ ಭಾನುವಾರ ನಮ್ಮ ಮನೆಗೆ ಬನ್ನಿ. ಎರಡೂ ಬಾಟಲಿಗೆ ಪೇಪರ್ ಸುತ್ತಿ ಇಡುತ್ತೇನೆ. ಕುಡಿಯಲು ನೀರು ಇರುತ್ತದೆ, ಐಸ್ ಇರುವುದಿಲ್ಲ. ಮೂಸಿ, ಕುಡಿದು, ಯಾವುದು ಇಷ್ಟವಾಯಿತು ಅಂತ ಚೀಟಿಯಲ್ಲಿ ಬರೆದು ಕೊಡಿ. ಪೇಪರ್ ಬಿಚ್ಚುವುದು ಆಮೇಲೆ.